ನಲವತ್ತೊಂದನೆಯ ಬ್ಯಾಚು

ನಾನು ಏನು ಕೆಲಸ ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ಸಾವಧಾನವಾಗಿ ವಿವರಿಸುತ್ತಿದ್ದೆ. ಈಗ "ಫ್ರೀಜರ್ ನೋಡ್ಕೋತೀನಿ" ಎಂದು ಹೇಳಿ ಸುಮ್ಮನಾಗುತ್ತೇನೆ. ವಿವರಿಸಿದರೆ ಅರ್ಧ ಜನ ನಗುತ್ತಾರೆ, ಇನ್ನರ್ಧ ಜನ ಮನೆಯ ಬಲ್ಬಿನ ಬದಲು ಅದನ್ನೇ ಹಾಕಿಕೊಳ್ಳಬಹುದಾ ಎಂದು ಕೇಳುತ್ತಾರೆ. ಲ್ಯಾಬಿನಲ್ಲಿ ನನಗೆ ಫ್ರೀಜರ್ ಅಕ್ಕ ಎಂದೇ ಹೆಸರು. ನನಗಿಂತ ಹತ್ತು ವರ್ಷ ಹಿರಿಯರಾದ ನಮ್ಮ ದೊಡ್ಡ ಮೇಡಂ ಕೂಡ ಹಾಗೆಯೇ ಕರೆಯುತ್ತಾರೆ. ಸಂಬಳದ ಕಾಗದದಲ್ಲಿ ಬೇರೆ ಹೆಸರಿದೆ, ಅದನ್ನು ಓದುವವಳು ನಾನೊಬ್ಬಳೇ.

ವಿಷಯ ಇಷ್ಟೆ. ಸಮುದ್ರದಲ್ಲಿ ಬದುಕುವ ಒಂದು ಜಾತಿಯ ಬ್ಯಾಕ್ಟೀರಿಯಾ ತಾನಾಗಿ ಬೆಳಕು ಕೊಡುತ್ತದೆ. ನೀಲಿಯೆಂದರೆ ನೀಲಿ, ಹಸಿರೆಂದರೆ ಹಸಿರು, ಅಂಥ ತಣ್ಣನೆಯ ಬೆಳಕು. ಚೆನ್ನಾಗಿದ್ದರೆ ಹೊಳೆಯುತ್ತದೆ, ನೀರಿನಲ್ಲಿ ವಿಷವಿದ್ದರೆ ಮಂಕಾಗುತ್ತದೆ. ಯಾವ ವಿಷ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಏನೋ ಸರಿಯಿಲ್ಲ ಎಂದಷ್ಟೇ ಹೇಳುತ್ತದೆ. ಊರಿಗೆ ನೀರು ಬಿಡುವ ಪಂಪ್‌ಹೌಸ್‌ಗಳಿಗೆ ಇದು ದಿನಾ ಬೆಳಿಗ್ಗೆ ಬೇಕು, ಆದರೆ ಇದು ಜೀವವಿರುವ ವಸ್ತು, ಡಬ್ಬಿಯಲ್ಲಿ ತುಂಬಿ ಕಳಿಸಿದರೆ ಎರಡು ದಿನದಲ್ಲಿ ಕೆಡುತ್ತದೆ. ಅದಕ್ಕೇ ನಾನಿರುವುದು. ಉಪ್ಪುನೀರಿಗೆ ಅವುಗಳ ಆಹಾರ ಬೆರೆಸಿ ಬೆಳೆಸುತ್ತೇನೆ. ಯಂತ್ರದಲ್ಲಿ ಗಿರಗಿರ ತಿರುಗಿಸಿ ತಳಕ್ಕೆ ಕೂರಿಸುತ್ತೇನೆ. ಕೆನೆ ತೆಗೆದ ಹಾಲಿನ ಪುಡಿಯನ್ನೂ ಒಂದು ಬಗೆಯ ಸಕ್ಕರೆಯನ್ನೂ ಕಲಸಿ, ಹೆಬ್ಬೆರಳಿನಷ್ಟುದ್ದದ ಗಾಜಿನ ಶೀಶೆಗಳಿಗೆ ಹನಿಹನಿಯಾಗಿ ಬಿಟ್ಟು, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸುತ್ತೇನೆ. ಆಮೇಲೆ ಗಾಳಿಯನ್ನೆಲ್ಲ ಎಳೆದುಬಿಟ್ಟರೆ ಆ ಮಂಜು ಕರಗಿ ನೀರಾಗದೆ ನೇರ ಆವಿಯಾಗಿ ಹೋಗುತ್ತದೆ. ತಳದಲ್ಲಿ ಉಳಿಯುವುದು ಉಗುರಿನಷ್ಟು ಬಿಳಿ ಪುಡಿ. ಅದನ್ನು ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ಮಂಜಿನಷ್ಟು ತಣ್ಣಗಿನ ನೀರು ಹಾಕಿದರೆ ಎರಡೇ ನಿಮಿಷದಲ್ಲಿ ಏನೂ ಆಗೇ ಇಲ್ಲವೆನ್ನುವಂತೆ ಹೊಳೆಯುತ್ತದೆ. ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಆ ಎರಡನೆಯ ನಿಮಿಷ ಇನ್ನೂ ನನಗೆ ಬೇಸರ ತಂದಿಲ್ಲ.

ಆ ದಿನ ಬೆಳಿಗ್ಗೆ ಎಂಟೂವರೆಗೆ ನಾನು ಕೋಟಿನ ಗುಂಡಿ ಹಾಕುತ್ತಿರುವಾಗಲೇ ದೊಡ್ಡ ಮೇಡಂ ಬಾಗಿಲಲ್ಲಿ ನಿಂತಿದ್ದರು. ಅವರು ಬಾಗಿಲಲ್ಲಿ ನಿಂತರೆ ಒಳ್ಳೆಯ ಸುದ್ದಿ ಇರುವುದಿಲ್ಲ. ಒಳ್ಳೆಯ ಸುದ್ದಿ ಹೇಳುವಾಗ ಒಳಗೆ ಬಂದು ಕುರ್ಚಿ ಎಳೆದುಕೊಳ್ಳುತ್ತಾರೆ.

"ಹೊಳೆ ಪಂಪ್‌ಹೌಸ್ ನಿನ್ನೆ ಬೆಳಿಗ್ಗೆಯಿಂದ ಬಂದ್ ಆಗಿದೆ. ನಿಮ್ಮ ಬ್ಯಾಕ್ಟೀರಿಯಾ ಮಂಕಾಯ್ತಂತೆ. ಆಪರೇಟರ್ ವಾಲ್ವ್ ಮುಚ್ಚಿದಾನೆ," ಎಂದರು.

"ಆಪರೇಟರ್ ನಮ್ಮಣ್ಣ," ಎಂದೆ.

"ಗೊತ್ತು. ಅದಕ್ಕೇ ನಿಮಗೆ ಮೊದ್ಲು ಹೇಳ್ತಿರೋದು."

ಮುಚ್ಚಿದ್ದರಲ್ಲಿ ತಪ್ಪೇನೂ ಇಲ್ಲ, ನಿಯಮವೇ ಹಾಗಿದೆ. ಎರಡು ಟ್ಯೂಬು ತೆಗೆದುಕೊಳ್ಳಬೇಕು. ಒಂದಕ್ಕೆ ನಮ್ಮ ಲ್ಯಾಬಿನಿಂದ ಕಳಿಸಿದ ಶುದ್ಧ ಉಪ್ಪುನೀರು. ಅದನ್ನು ನಾವು ಸಾಕ್ಷಿ ನೀರು ಎನ್ನುತ್ತೇವೆ. ಇನ್ನೊಂದಕ್ಕೆ ಅವತ್ತಿನ ಹೊಳೆ ನೀರು, ಅಷ್ಟೇ ಉಪ್ಪು ಬೆರೆಸಿದ್ದು. ಎರಡಕ್ಕೂ ಎಚ್ಚರವಾದ ಬ್ಯಾಕ್ಟೀರಿಯಾ ಹಾಕಿ, ಹದಿನೈದು ನಿಮಿಷ ಬಿಟ್ಟು, ಬೆಳಕು ಅಳೆಯುವ ಮೀಟರಿನಲ್ಲಿ ನೋಡಬೇಕು. ಹೊಳೆ ನೀರಿನ ಬೆಳಕು ಸಾಕ್ಷಿ ನೀರಿನ ಅರ್ಧಕ್ಕಿಂತ ಕಡಿಮೆಯಾದರೆ ಯಾರನ್ನೂ ಕೇಳದೆ ವಾಲ್ವ್ ಮುಚ್ಚಬಹುದು. ನಿನ್ನೆ ಅಣ್ಣ ಬರೆದ ಲೆಕ್ಕ ಸಾಕ್ಷಿ ಎಂಬತ್ತೆಂಟು, ಹೊಳೆ ಮೂವತ್ತೈದು.

ಗೊಂದಲ ಶುರುವಾದದ್ದು ಆಮೇಲೆ. ನೀರಿನ ಇಲಾಖೆಯ ಕೆಮಿಸ್ಟು ಅದೇ ನೀರನ್ನು ತೆಗೆದುಕೊಂಡು ಹೋಗಿ ಹದಿನೆಂಟು ವಿಷಗಳ ಪಟ್ಟಿಯಿಟ್ಟುಕೊಂಡು ಒಂದೊಂದಾಗಿ ಹುಡುಕಿದ್ದ. ಒಂದೂ ಸಿಕ್ಕಿರಲಿಲ್ಲ. ನೀರು ತಿಳಿಯಾಗಿತ್ತು, ವಾಸನೆ ಇರಲಿಲ್ಲ, ಮೀನು ಸತ್ತು ತೇಲಿರಲಿಲ್ಲ. ಟ್ಯಾಂಕರಿನಲ್ಲಿ ನೀರು ಹೋಗುತ್ತಿತ್ತು, ಅದೂ ಅರ್ಧ ಊರಿಗೆ ಮಾತ್ರ. ಪಂಪ್‌ಹೌಸ್ ನೋಡಿಕೊಳ್ಳುವ ಇಂಜಿನಿಯರ್ ದೊಡ್ಡ ಮೇಡಂಗೆ ಆಗಲೇ ನಾಲ್ಕು ಸಲ ಫೋನು ಮಾಡಿದ್ದರು.

"ಅವರಿಗೆ ಒಂದೇ ಮಾತು ಬೇಕಂತೆ," ಎಂದರು ಮೇಡಂ. "ಕೆಟ್ಟಿರೋದು ನೀರಾ, ನಮ್ಮ ಬ್ಯಾಕ್ಟೀರಿಯಾನಾ. ಮಧ್ಯಾಹ್ನದೊಳಗೆ."

ನಾನು ನಲವತ್ತೊಂದನೆಯ ಬ್ಯಾಚಿನ ಎರಡು ಶೀಶೆ ತೆಗೆದುಕೊಂಡು ಕತ್ತಲೆ ಕೋಣೆಗೆ ಹೋದೆ. ಅಣ್ಣನಿಗೆ ಹೋದದ್ದು ಅದೇ ಬ್ಯಾಚು. ತಣ್ಣೀರು ಹಾಕಿದೆ. ಹೊಳೆಯಿತು. ಮೀಟರಿಗಿಟ್ಟೆ, ತೊಂಬತ್ತೊಂದು. ಹದಿನೈದು ನಿಮಿಷದ ಮೇಲೂ ತೊಂಬತ್ತು. ಇದಕ್ಕಿಂತ ಚೆನ್ನಾಗಿ ಹೊಳೆಯಬೇಕು ಎಂದು ಯಾರನ್ನೂ ಕೇಳಲು ಆಗುವುದಿಲ್ಲ. ಆದರೂ ನನಗೆ ಒಂದು ಅಳುಕಿತ್ತು. ಪ್ರತಿ ಸಲ ಹಾಕುವ ಸಕ್ಕರೆ ಆ ಸಲ ಸಿಗದೆ ಬೇರೆ ಕಂಪನಿಯದನ್ನು ತರಿಸಿದ್ದೆ. ಮೇಡಂಗೆ ಹೇಳಿಯೇ ತರಿಸಿದ್ದು, ಪರೀಕ್ಷೆ ಮಾಡಿಯೇ ಹಾಕಿದ್ದು. ಆದರೆ ಮನಸ್ಸು ಕೇಳಬೇಕಲ್ಲ. ಹೆಪ್ಪುಗಟ್ಟುವಾಗ ಜೀವಕೋಶವನ್ನು ಕಾಯುವುದೇ ಆ ಸಕ್ಕರೆ. ಹೊಸ ಸಕ್ಕರೆ ಎಲ್ಲೋ ಒಂದು ಕಡೆ ಕೈಕೊಟ್ಟು, ನಾಲ್ಕು ಶೀಶೆ ಚೆನ್ನಾಗಿದ್ದು ಐದನೆಯದು ಕೆಟ್ಟಿದ್ದರೆ?

ಬ್ಯಾಚು ಚೆನ್ನಾಗಿದೆ. ನೀರೂ ಚೆನ್ನಾಗಿದೆ ಎಂದು ಕೆಮಿಸ್ಟು ಹೇಳುತ್ತಾನೆ. ಎರಡೂ ಚೆನ್ನಾಗಿದ್ದರೆ ಮಂಕಾದದ್ದು ಯಾಕೆ? ನನಗೆ ತಲೆಬುಡ ತಿಳಿಯಲಿಲ್ಲ. ಒಂದು ಕಾಗದದ ಮೇಲೆ ಕಾರಣಗಳನ್ನು ಬರೆಯುತ್ತಾ ಹೋದೆ. ಏಳನೆಯ ಕಾರಣ ಬರೆದು ನೋಡಿದರೆ ಅದು ಎರಡನೆಯದೇ ಆಗಿತ್ತು, ಬೇರೆ ಮಾತಿನಲ್ಲಿ ಅಷ್ಟೆ.

"ನೀವೇ ಹೋಗಿ ನೋಡ್ಕೊಂಡು ಬನ್ನಿ," ಎಂದರು ಮೇಡಂ.

ಹಾಗಾಗಿ ಮಂಜಿನ ಪೆಟ್ಟಿಗೆಯಲ್ಲಿ ನಲವತ್ತೊಂದನೆಯ ಬ್ಯಾಚಿನ ಆರು ಶೀಶೆ, ಹಳೆಯ ಮೂವತ್ತೆಂಟನೆಯದರ ನಾಲ್ಕು ಶೀಶೆ ಇಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಪೆಟ್ಟಿಗೆಯನ್ನೇ ನೋಡಿ ಐಸ್ ಕ್ರೀಮಾ ಎಂದು ಕೇಳಿದಳು. ಅಲ್ಲ ಎಂದೆ. ನಂಬಲಿಲ್ಲ. ಅವಳ ಸ್ಟಾಪು ಬರುವವರೆಗೂ ನನ್ನನ್ನು ಜಿಪುಣಿಯನ್ನು ನೋಡುವಂತೆ ನೋಡುತ್ತಿದ್ದಳು.

ಅಷ್ಟರಲ್ಲಿ ಅತ್ತಿಗೆ ಫೋನು. ಅಣ್ಣನ ಮನೆ ಪಂಪ್‌ಹೌಸಿನಿಂದ ನೀರು ಹೋಗುವ ಮೊದಲ ಬೀದಿಯಲ್ಲೇ ಇದೆ.

"ನಿಮ್ಮಣ್ಣ ನಿನ್ನೆಯಿಂದ ಮನೆಗೇ ಬಂದಿಲ್ಲ ಕಣೇ. ಟ್ಯಾಂಕರ್ ನಮ್ಮ ಬೀದಿಗೆ ಬಂದ್ರೆ ಪಕ್ಕದ ಮನೆಯವ್ರು ಮುಂದೆ ನಿಂತ್ಕೊಂಡು, 'ನಿಮ್ಮೆಜಮಾನ್ರೇ ತಾನೇ ಮುಚ್ಚಿರೋದು, ನೀವು ಹಿಂದೆ ನಿಂತ್ಕೊಳಿ' ಅಂತಾರೆ. ಎರಡು ಬಿಂದಿಗೆ ಸಿಕ್ತು. ಪಾತ್ರೆ ಹಾಗೇ ಬಿದ್ದಿದೆ, ಬಟ್ಟೆ ಹಾಗೇ ಬಿದ್ದಿದೆ. ನಿನ್ನ ಆ ಹುಳುಗಳಿಗೆ ಏನು ಬಂದಿದೆ ದೊಡ್ರೋಗ?"

"ಅವು ಹುಳು ಅಲ್ಲ ಅತ್ತಿಗೆ."

"ಏನೋ ಒಂದು. ನಿಮ್ಮಣ್ಣಂಗೆ ಹೋದ ವರ್ಷದ ಥರ ಆಗೋದು ಬೇಡ. ಅಷ್ಟು ನೋಡ್ಕೋ ಸಾಕು."

ಹೋದ ವರ್ಷದ ವಿಷಯ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಣ್ಣ ಒಂದು ಟ್ಯೂಬನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದಿದ್ದ, ಅದು ಪಳಪಳ ಹೊಳೆಯಲಿ ಎಂದು. ಬ್ಯಾಕ್ಟೀರಿಯಾ ಸತ್ತವು, ಇವನು ವಾಲ್ವ್ ಮುಚ್ಚಿದ, ಅರ್ಧ ದಿನ ಶಾಲೆಗಳಿಗೆಲ್ಲ ರಜೆ ಕೊಟ್ಟರು. ಆಮೇಲೆ ಇಂಜಿನಿಯರ್ ಅವನ ಕೈಗೆ ಒಂದು ಕಾಗದ ಕೊಟ್ಟರು. ಆಪರೇಟರನ ತಪ್ಪಿನಿಂದ ಇನ್ನೊಂದು ಸಲ ಸುಳ್ಳು ಎಚ್ಚರಿಕೆ ಬಂದರೆ ಕೆಲಸದಿಂದ ತೆಗೆಯಲಾಗುವುದು. ಅಣ್ಣನಿಗೆ ಐವತ್ತಾರು ವರ್ಷ. ಇಪ್ಪತ್ತೊಂಬತ್ತು ವರ್ಷದಿಂದ ಆ ಮೋಟಾರುಗಳ ಸದ್ದಿನಲ್ಲೇ ಇದ್ದು, ಮನೆಯಲ್ಲೂ ಗಟ್ಟಿಯಾಗಿ ಮಾತಾಡುತ್ತಾನೆ. ಆ ಕೆಲಸ ಬಿಡಿಸಿದರೆ ಅವನು ಎಲ್ಲಿ ಹೋಗಿ ನಿಲ್ಲುತ್ತಾನೆ ಎಂದು ನನಗೆ ಊಹಿಸಲೂ ಆಗುತ್ತಿರಲಿಲ್ಲ.

ಪಂಪ್‌ಹೌಸ್ ಅಷ್ಟು ಮೌನವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ನಾಲ್ಕು ಮೋಟಾರೂ ನಿಂತಿದ್ದವು. ಅಣ್ಣ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದವನು ನನ್ನ ಹೆಜ್ಜೆ ಕೇಳಿ ಎದ್ದ. ಗಡ್ಡ ಬೆಳೆದಿತ್ತು. ಅಂಗಿ ನಿನ್ನೆಯದು.

"ಬಂದ್ಯಾ ಪುಟ್ಟಿ," ಎಂದ. "ನೋಡು, ನನಗೇನೂ ಗೊತ್ತಾಗ್ತಿಲ್ಲ. ಕೆಮಿಸ್ಟು ಬಂದು ನನ್ನ ಮುಖ ನೋಡ್ದ, ಹೊಳೆ ನೋಡ್ದ, ಮತ್ತೆ ನನ್ನ ಮುಖ ನೋಡ್ದ. ಟ್ಯೂಬು ಬರೀ ನೀರಲ್ಲಿ ತೊಳ್ದಿದೀನಿ, ಆಣೆ ಮಾಡಿ ಹೇಳ್ತೀನಿ. ನಿನ್ನೆ ಎರಡು ಸಲ, ಇವತ್ತು ಒಂದು ಸಲ. ಮೂರು ಸಲಾನೂ ಮಂಕು."

ಪುಸ್ತಕ ತೆಗೆದು ತೋರಿಸಿದ. ಅವನ ಅಕ್ಷರ ದಪ್ಪ ದಪ್ಪ, ಒಂದೊಂದು ಅಂಕಿಯೂ ಪುಟದ ಹಿಂಬದಿಗೆ ಒತ್ತಿಕೊಂಡಿತ್ತು. ಎಂಬತ್ತೆಂಟು, ಮೂವತ್ತೈದು. ಎಂಬತ್ತಾರು, ಮೂವತ್ತೆರಡು. ಎಂಬತ್ತೇಳು, ಮೂವತ್ತು.

"ನೀನು ದಿನಾ ಹೇಗೆ ಮಾಡ್ತೀಯೋ ಹಾಗೇ ನನ್ನ ಮುಂದೆ ಮಾಡು," ಎಂದೆ. "ಏನೂ ಹೆಚ್ಚಿಲ್ಲ, ಏನೂ ಕಡಿಮೆ ಇಲ್ಲ."

ಅವನು ಕೈ ತೊಳೆದ. ಒರೆಸಿಕೊಂಡ. ಫ್ರೀಜರ್ ತೆರೆದು ಶೀಶೆ ತೆಗೆದ. ತೆಗೆದವನು ಅದನ್ನು ಬಲ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದ. ಮುಷ್ಟಿಯ ಮೇಲೆ ಇನ್ನೊಂದು ಕೈ ಮುಚ್ಚಿದ. ಹಾಗೇ ಎದೆಗೆ ಹತ್ತಿರ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತ ನಿಂತ.

"ಏನ್ ಮಾಡ್ತಿದೀಯ?"

"ಎಬ್ಬಿಸ್ತಿದೀನಿ."

"ಎಷ್ಟು ಹೊತ್ತು?"

"ಒಂದೈದು ನಿಮಿಷ. ನೀನೇ ಹೇಳಿದ್ದಲ್ವಾ, ಅವು ನಿದ್ದೆ ಮಾಡ್ತಿರ್ತವೆ, ಗಾಬರಿ ಮಾಡ್ದೆ ಎಬ್ಬಿಸ್ಬೇಕು ಅಂತ. ಮಂಜಲ್ಲಿದ್ದ ಜೀವದ ಮೇಲೆ ಮತ್ತೆ ತಣ್ಣೀರು ಹುಯ್ಯೋಕೆ ಮನಸ್ಸು ಬರಲ್ಲ. ಸ್ವಲ್ಪ ಬೆಚ್ಚಗೆ ಮಾಡಿ ಆಮೇಲೆ ಹಾಕ್ತೀನಿ."

ಕೈಪಿಡಿಯಲ್ಲಿ ನಾನೇ ಬರೆದಿದ್ದೆ, ಅದೂ ಕೆಳಗೆ ಗೆರೆ ಎಳೆದು. ಒಣ ಪುಡಿಗೆ ಬಿಸಿ ತಾಗಬಾರದು, ಫ್ರೀಜರಿನಿಂದ ತೆಗೆದ ಕೂಡಲೇ ಮಂಜುನೀರು ಹಾಕಬೇಕು. ಬಿಸಿ ತಾಗಿದರೆ ಎದ್ದ ಮೇಲೂ ಬಲವಿರುವುದಿಲ್ಲ, ಬೆಳಕು ಒಂದೊಂದು ಹೊತ್ತಿಗೆ ಒಂದೊಂದು ಥರ ಇರುತ್ತದೆ. ಅಣ್ಣ ಕೈಪಿಡಿ ಓದಿದವನಲ್ಲ. ಮೂರು ವರ್ಷದ ಹಿಂದೆ, ಅವನಿಗೆ ಸುಲಭವಾಗಲಿ ಎಂದು ನಾನು ಬಾಯಿಮಾತಿನಲ್ಲಿ ನಿದ್ದೆ, ಗಾಬರಿ ಎಂದೆಲ್ಲ ಮಕ್ಕಳಿಗೆ ಹೇಳುವಂತೆ ಹೇಳಿದ್ದೆ. ಅವನು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮೂರು ವರ್ಷ ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ನನ್ನ ಬ್ಯಾಕ್ಟೀರಿಯಾಗಳನ್ನು ಕೈಯಲ್ಲಿ ಬೆಚ್ಚಗೆ ಮಾಡುತ್ತ ನಿಂತಿದ್ದಾನೆ. ನನಗೆ ನಗು ಬಂತು, ಅಳುವೂ ಬಂತು, ಅವನ ತಲೆಗೆ ಒಂದು ಮೊಟಕುವಷ್ಟು ಸಿಟ್ಟೂ ಬಂತು. ಒಂದು ಮಾತ್ರ ಸ್ಪಷ್ಟವಾಯಿತು ಎಂದುಕೊಂಡೆ. ನೀರು ಚೆನ್ನಾಗಿದೆ. ಬ್ಯಾಚು ಚೆನ್ನಾಗಿದೆ. ಕೆಟ್ಟಿರುವುದು ಅಣ್ಣನ ಅಂಗೈ.

ಆಗಲೇ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಅಣ್ಣನ ಎರಡೂ ಕೈ ಶೀಶೆಯ ಮೇಲಿದ್ದವು. ನಾನೇ ಎತ್ತಿಕೊಂಡೆ.

"ಲ್ಯಾಬಿನವ್ರಾ?" ಇಂಜಿನಿಯರ ದನಿ. "ಹೇಳಿ ಮೇಡಂ. ನೀರಾ, ಬ್ಯಾಕ್ಟೀರಿಯಾನಾ? ಆಸ್ಪತ್ರೆಯಿಂದ ಮೂರು ಸಲ ಫೋನ್ ಬಂದಿದೆ. ಇನ್ನು ಹತ್ತು ನಿಮಿಷ ಕಾಯೋಕಾಗಲ್ಲ."

ಪರೀಕ್ಷೆ ಮಾಡಿ ಹೇಳುತ್ತೇನೆ ಎನ್ನಬಹುದಿತ್ತು. ಅರ್ಧ ಗಂಟೆ ಕೊಡಿ ಎನ್ನಬಹುದಿತ್ತು. ಅವೆಲ್ಲ ಆಮೇಲೆ ಹೊಳೆದ ಮಾತುಗಳು. ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಇದ್ದದ್ದು ಅಣ್ಣ, ಎರಡು ಕೈಯಲ್ಲಿ ಶೀಶೆ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದ ಅಣ್ಣ. ನೀರು ಎಂದು ಹೇಳಿದರೆ ಸುಳ್ಳು. ಬ್ಯಾಕ್ಟೀರಿಯಾ ಚೆನ್ನಾಗಿತ್ತು, ಬಳಸಿದ್ದು ತಪ್ಪು ಎಂದರೆ ಅವನ ಕೆಲಸ ಹೋಯಿತು. ಮೂರನೆಯ ದಾರಿ ನನ್ನ ಬಾಯಿಗೆ ತಾನಾಗಿ ಬಂತು.

"ಬ್ಯಾಕ್ಟೀರಿಯಾ ಸಾರ್," ಎಂದೆ. "ನಮ್ಮ ಬ್ಯಾಚೇ ಕೆಟ್ಟಿದೆ. ಸಕ್ಕರೆ ಬದಲಾಯಿಸಿದ್ದೆ. ತಪ್ಪು ನಂದು."

"ಅಂದ್ರೆ ನೀರು ಬಿಡಬಹುದಾ?"

"ಬಿಡಬಹುದು."

"ಬರಹದಲ್ಲಿ ಕೊಡ್ಬೇಕಾಗುತ್ತೆ."

"ಕೊಡ್ತೀನಿ."

ಫೋನು ಅಣ್ಣನಿಗೆ ಕೊಟ್ಟೆ. ಅವನು ಶೀಶೆ ಮೇಜಿನ ಮೇಲಿಟ್ಟು, "ಸರಿ ಸಾರ್," ಎಂದು ಎರಡು ಸಲ ಹೇಳಿದ. ಮೋಟಾರುಗಳನ್ನು ಒಂದೊಂದಾಗಿ ಶುರು ಮಾಡಿದ. ಆಮೇಲೆ ವಾಲ್ವಿನ ಚಕ್ರ ಹಿಡಿದು ತಿರುಗಿಸತೊಡಗಿದ. ಪೈಪಿನೊಳಗೆ ಮೊದಲು ಗಾಳಿ ಗೊಳಗೊಳ ಎಂದಿತು, ಆಮೇಲೆ ನೀರು ಹರಿದ ಸದ್ದು ನೆಲದಲ್ಲೇ ನಡುಕವಾಗಿ ಕಾಲಿಗೆ ತಾಗಿತು. ನನ್ನ ಎದೆ ಹಗುರವಾಯಿತು. ಹೊಸ ಸಕ್ಕರೆಯನ್ನು ಬೈದು ಒಂದು ಪುಟ ಬರೆದರೆ ಮುಗಿಯಿತು, ಮೇಡಂ ಬೈಯುತ್ತಾರೆ, ಬ್ಯಾಚು ಎಸೆಯುತ್ತೇವೆ, ಅಣ್ಣನಿಗೆ ಇನ್ನೊಂದು ದಿನ ಮೆಲ್ಲಗೆ ಹೇಳಿದರಾಯಿತು ಎಂದು ಲೆಕ್ಕ ಹಾಕಿದೆ.

ಅಣ್ಣ ಕೈ ಒರೆಸಿಕೊಂಡು ಬಂದು ಎದುರು ಕೂತ. ಮುಖದಲ್ಲಿ ಸಮಾಧಾನವಿರಲಿಲ್ಲ.

"ಬ್ಯಾಚು ಕೆಟ್ಟಿತ್ತಾ?"

"ಹೂಂ."

"ಕೆಟ್ಟಿದ್ರೆ ಎರಡು ಟ್ಯೂಬಲ್ಲೂ ಮಂಕಾಗ್ಬೇಕಿತ್ತಲ್ವಾ? ಸಾಕ್ಷಿ ನೀರಲ್ಲಿ ಚೆನ್ನಾಗೇ ಹೊಳೀತಿತ್ತು. ಮೂರು ಸಲಾನೂ. ಹೊಳೆ ನೀರಲ್ಲಿ ಮಾತ್ರ ಮಂಕು. ಬ್ಯಾಚಿಗೆ ಯಾವುದು ಸಾಕ್ಷಿ ನೀರು, ಯಾವುದು ಹೊಳೆ ನೀರು ಅಂತ ಹೇಗೆ ಗೊತ್ತಾಗುತ್ತೆ?"

"ಅದು ಹಾಗಲ್ಲ ಅಣ್ಣ," ಎಂದು ಶುರು ಮಾಡಿದೆ. ದುರ್ಬಲವಾದ ಜೀವಕೋಶ, ಸಣ್ಣ ಒತ್ತಡ, ಹೊಳೆ ನೀರಿನ ಸುಣ್ಣದಂಶ ಎಂದೆಲ್ಲ ಒಂದಿಷ್ಟು ಹೇಳಿದೆ. ಅವನು ಗೌರವದಿಂದ ಕೇಳಿಸಿಕೊಂಡ. ನಾನು ಹೇಳುತ್ತ ಹೇಳುತ್ತ ನನಗೇ ನನ್ನ ಮಾತು ಎಲ್ಲಿ ಶುರುವಾಗಿತ್ತು ಎಂದು ಮರೆತುಹೋಯಿತು. ಸಾಕ್ಷಿ ನೀರನ್ನು ಇಟ್ಟಿರುವುದೇ ಈ ಪ್ರಶ್ನೆಗಾಗಿ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲನೆಯ ದಿನ ನಾನು ಹೇಳಿಕೊಡುವ ಪಾಠ ಅದು. ಅಂಗೈ ಬಿಸಿಯಾಗಲಿ, ಸಕ್ಕರೆ ಕೆಡಲಿ, ಎರಡು ಟ್ಯೂಬಿಗೂ ಹೋದದ್ದು ಒಂದೇ ಶೀಶೆಯ ಬ್ಯಾಕ್ಟೀರಿಯಾ. ಮತ್ತೆ ಹೋದ ವಾರ, ಅದರ ಹಿಂದಿನ ವಾರ, ಮೂರು ವರ್ಷ, ಆ ಬ್ಲೀಚಿಂಗ್ ಪುಡಿಯ ದಿನವೊಂದನ್ನು ಬಿಟ್ಟರೆ, ಇದೇ ಅಂಗೈಯಲ್ಲಿ ಬೆಚ್ಚಗಾದ ಶೀಶೆಗಳು ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

"ಒಂದು ಬಕೆಟ್ ಹೊಳೆ ನೀರು ತಾ," ಎಂದೆ.

ಈ ಸಲ ನಾನೇ ಮಾಡಿದೆ. ಮೂವತ್ತೆಂಟನೆಯ ಬ್ಯಾಚು, ಹಳೆಯ ಸಕ್ಕರೆ. ಮಂಜಿನ ಪೆಟ್ಟಿಗೆಯಿಂದ ನೇರ ಮಂಜುನೀರಿಗೆ. ಕೈ ಬಿಸಿ ತಾಗದ ಹಾಗೆ ಚಿಮುಟದಲ್ಲಿ ಹಿಡಿದೆ. ಉಗ್ರಾಣದ ಬಾಗಿಲು ಮುಚ್ಚಿ, ಪರದೆ ಎಳೆದು, ಇಬ್ಬರೂ ಕತ್ತಲೆಯಲ್ಲಿ ಕೂತೆವು. ಹೊರಗೆ ಮೋಟಾರುಗಳು ಓಡುತ್ತಿದ್ದವು. ಎರಡು ಟ್ಯೂಬೂ ಒಂದೇ ಥರ ಹೊಳೆದವು. ಐದು ನಿಮಿಷ. ಏಳು ನಿಮಿಷ. ಎಂಟನೆಯ ನಿಮಿಷಕ್ಕೆ ಬಲಗಡೆಯದು ಮಂಕಾಯಿತೋ ಇಲ್ಲ ನನಗೆ ಹಾಗೆ ಕಂಡಿತೋ ತಿಳಿಯದೆ ಕಣ್ಣುಜ್ಜಿಕೊಂಡೆ. ಹತ್ತನೆಯ ನಿಮಿಷಕ್ಕೆ ಕಣ್ಣುಜ್ಜುವ ಅಗತ್ಯವೇ ಇರಲಿಲ್ಲ. ಹದಿನೈದಕ್ಕೆ ಮೀಟರಿನಲ್ಲಿ ಸಾಕ್ಷಿ ತೊಂಬತ್ತು, ಹೊಳೆ ಇಪ್ಪತ್ತೆಂಟು.

ಇನ್ನೊಂದು ಸಲ ಮಾಡಿದೆ, ನಲವತ್ತೊಂದನೆಯ ಬ್ಯಾಚಿನಿಂದ. ತೊಂಬತ್ತೊಂದು, ಇಪ್ಪತ್ತೇಳು.

ಆ ನೀರಿನಲ್ಲಿ ಏನಿತ್ತು ಎಂದು ತಿಳಿಯಲು ಒಂಬತ್ತು ದಿನ ಬೇಕಾಯಿತು. ಅದರ ಹೆಸರು ಹದಿನೆಂಟರ ಪಟ್ಟಿಯಲ್ಲಿ ಇರಲಿಲ್ಲ, ಇಂದಿಗೂ ನನಗೆ ಒಂದೇ ಉಸಿರಿಗೆ ಹೇಳಲು ಬರುವುದಿಲ್ಲ. ಹೊಳೆಯ ಮೇಲ್ಗಡೆ ಯಾರೋ ಲೋಹ ತೊಳೆದ ನೀರು ಬಿಟ್ಟಿದ್ದರಂತೆ. ಆದರೆ ಆ ಉಗ್ರಾಣದಲ್ಲಿ ಕೂತಿದ್ದಾಗ ನನಗೆ ಅದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ. ನೀರು ಕೆಟ್ಟಿದೆ. ನಾನು ಬಿಡಬಹುದು ಎಂದೆ. ಬಿಟ್ಟು ನಲವತ್ತು ನಿಮಿಷವಾಗಿದೆ.

ಇಂಜಿನಿಯರಿಗೆ ಫೋನು ಮಾಡಿದೆ.

"ಸಾರ್, ವಾಲ್ವ್ ಮುಚ್ಬೇಕು. ನೀರು ಕೆಟ್ಟಿದೆ. ಈಗ್ತಾನೆ ನೋಡ್ದೆ."

"ಯಾವುದ್ರಲ್ಲಿ ನೋಡಿದ್ರಿ?"

"ನಮ್ಮ ಬ್ಯಾಕ್ಟೀರಿಯಾದಲ್ಲಿ."

"ಮುಕ್ಕಾಲು ಗಂಟೆ ಹಿಂದೆ ನೀವೇ ಅಂದ್ರಿ, ಬ್ಯಾಚೇ ಕೆಟ್ಟಿದೆ ಅಂತ. ಈಗ ಅದೇ ಬ್ಯಾಚ್ ನಂಬಿ ಅಂತೀರಾ?"

"ಹಳೇ ಬ್ಯಾಚಲ್ಲೂ ನೋಡ್ದೆ ಸಾರ್."

"ಹಳೇದು ಕೆಟ್ಟಿರಲ್ಲ ಅಂತ ಏನು ಗ್ಯಾರಂಟಿ? ಕೆಮಿಸ್ಟು ಬರೆದು ಕೊಟ್ಟಿದಾನೆ ನೀರು ಚೆನ್ನಾಗಿದೆ ಅಂತ. ಇನ್ನೊಂದ್ಸಲ ಮುಚ್ಚಿ ಅಂದ್ರೆ ನಾನು ಮೇಲಿನವರಿಗೆ ಏನಂತ ಹೇಳ್ಲಿ?"

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಹದಿನಾಲ್ಕು ವರ್ಷ ಕಾಪಾಡಿಕೊಂಡು ಬಂದ ನಂಬಿಕೆಯನ್ನು ನಾನೇ ಒಂದು ಮಾತಿನಲ್ಲಿ ಚೆಲ್ಲಿದ್ದೆ. ಈಗ ನನ್ನ ಬ್ಯಾಕ್ಟೀರಿಯಾ ಎಷ್ಟು ಹೊಳೆದರೂ ಆರಿದರೂ ಅದಕ್ಕೆ ಬೆಲೆಯಿರಲಿಲ್ಲ. ಅವರನ್ನು ನಂಬಿಸಲು ಇದ್ದದ್ದು ಒಂದೇ ದಾರಿ. ಅಣ್ಣ ಎರಡು ಅಡಿ ದೂರದಲ್ಲಿ ನಿಂತಿದ್ದ.

"ಬ್ಯಾಚು ಕೆಟ್ಟಿರಲಿಲ್ಲ ಸಾರ್. ನಾನು ಸುಳ್ಳು ಹೇಳ್ದೆ."

"ಸುಳ್ಳು ಯಾಕೆ ಹೇಳಿದ್ರಿ?"

"ನಮ್ಮಣ್ಣ ಶೀಶೆನ ಅಂಗೈಲಿ ಬಿಸಿ ಮಾಡ್ತಾನೆ. ಮಾಡಬಾರ್ದು. ಅವನ ತಪ್ಪಿಂದ್ಲೇ ಹೀಗಾಗಿದೆ ಅಂದ್ಕೊಂಡೆ. ನಿಮಗೆ ಗೊತ್ತಾದ್ರೆ ಅವನ ಕೆಲಸ ಹೋಗುತ್ತೆ ಅಂತ ನನ್ನ ಮೇಲೆ ಹಾಕ್ಕೊಂಡೆ. ಆದ್ರೆ ಅವನು ನೋಡಿದ್ದು ಸರಿಯಾಗೇ ಇತ್ತು."

ಹೇಳಿ ಮುಗಿಸಿ ತಿರುಗಿ ನೋಡಿದರೆ ಅಣ್ಣ ಅಲ್ಲಿರಲಿಲ್ಲ. ವಾಲ್ವಿನ ಹತ್ತಿರ ಹೋಗಿ, ಚಕ್ರ ಹಿಡಿದು, ಮೈಯೆಲ್ಲ ಬಾಗಿಸಿ ಮುಚ್ಚುತ್ತಿದ್ದ. ಫೋನಿನಲ್ಲಿ ಇಂಜಿನಿಯರ್ ತಮ್ಮ ಆರ್ಡರ್ ಇಲ್ಲದೆ ಯಾರೂ ಏನೂ ಮುಟ್ಟಬಾರದು ಎನ್ನುತ್ತಿದ್ದರು. ಫೋನನ್ನು ಹಾಗೇ ಮೇಜಿನ ಮೇಲಿಟ್ಟು ನಾನೂ ಹೋಗಿ ಚಕ್ರದ ಇನ್ನೊಂದು ಬದಿ ಹಿಡಿದೆ.

ಅರ್ಧ ಮುಚ್ಚಿದ ಮೇಲೆ ಅವನು ಉಸಿರು ಬಿಡಲು ನಿಂತ. ನನ್ನ ಮುಖ ನೋಡದೆ ಮಾತಾಡಿದ. ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಬಿಸಿ ಮಾಡಬಾರ್ದು ಅಂತ ಹೇಳಿದ್ರೆ ಬಿಡ್ತಿದ್ದೆ ಪುಟ್ಟಿ. ಅದೇನು ದೊಡ್ಡ ಮಾತಲ್ಲ. ಮೂರು ಸಲ ನೋಡಿದೀನಿ ಅಂದ್ನಲ್ಲ. ಇವನು ಸರಿಯಾಗಿ ನೋಡಿರಬಹುದು ಅಂತ ಒಂದ್ಸಲಾನೂ ಅನ್ನಿಸ್ಲಿಲ್ವಾ ನಿನಗೆ?"

ಅನ್ನಿಸಿರಲಿಲ್ಲ. ಅವನ ಕೆಲಸ ಉಳಿಸಬೇಕು ಎಂದು ಅನ್ನಿಸಿತ್ತು, ಅವನ ಮೇಲೆ ಪ್ರೀತಿ ಉಕ್ಕಿಬಂದಿತ್ತು, ಅವನು ಹೇಳಿದ್ದು ನಿಜವಿರಬಹುದು ಎಂದು ಮಾತ್ರ ಅನ್ನಿಸಿರಲಿಲ್ಲ. ಚಕ್ರ ಮತ್ತೆ ಹಿಡಿದು ತಿರುಗಿಸಿದೆ.

ವಾಲ್ವ್ ಪೂರ್ತಿ ಮುಚ್ಚಿತು. ಅವನು ಮೋಟಾರುಗಳನ್ನು ನಿಲ್ಲಿಸಿದ. ಜೇಬಿನಿಂದ ತನ್ನ ಫೋನು ತೆಗೆದು ಅತ್ತಿಗೆಗೆ ಹಚ್ಚಿದ. ಮೋಟಾರಿನ ಸದ್ದಿಗೆ ಅಭ್ಯಾಸವಾದ ಅವನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ.

"ರೀ, ನೀರು ಬಂತು," ಎಂದಳು ಅತ್ತಿಗೆ, ಇವನು ಬಾಯಿ ತೆರೆಯುವ ಮೊದಲೇ. ದನಿಯಲ್ಲಿ ಹಬ್ಬದ ಖುಷಿ. "ಎಲ್ಲಾ ತುಂಬಿಸ್ಬಿಟ್ಟೆ. ಬಿಂದಿಗೆ, ಬಕೆಟ್, ದೊಡ್ಡ ಪಾತ್ರೆ, ಕುಕ್ಕರನ್ನೂ ಬಿಟ್ಟಿಲ್ಲ. ಈಗ ಕುಡಿಯೋಕೆ ಕಾಯಿಸೋಣ ಅಂತ ಒಲೆ ಮೇಲಿಡ್ತಿದ್ದೆ."

"ಕುಡೀಬೇಡ. ಕಾಯಿಸಿದ್ರೂ ಬೇಡ. ಎಲ್ಲಾ ಚೆಲ್ಬಿಡು. ಅಕ್ಕಪಕ್ಕದವ್ರಿಗೂ ಹೇಳು."

"ಎರಡು ದಿನ ಆದ್ಮೇಲೆ ಬಂದಿರೋ ನೀರು. ಚೆಲ್ಲು ಅಂತ ಯಾರು ಹೇಳಿದ್ದು?"

ಅಣ್ಣ ನನ್ನ ಕಡೆ ನೋಡಿದ. ಲ್ಯಾಬು ಎನ್ನಬಹುದಿತ್ತು, ತಂಗಿ ಎನ್ನಬಹುದಿತ್ತು, ಮೀಟರು ಎನ್ನಬಹುದಿತ್ತು.

"ನಾನು," ಎಂದ.

ಅವಳು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಮೊದಲು ಬಿಂದಿಗೆ, ಆಮೇಲೆ ಬಕೆಟ್ಟು, ಆಮೇಲೆ ದೊಡ್ಡ ಪಾತ್ರೆ, ಒಂದಾದ ಮೇಲೊಂದು ಬಚ್ಚಲಿಗೆ ಸುರಿಯುವುದು ನಮಗಿಬ್ಬರಿಗೂ ಕೇಳಿಸುತ್ತಿತ್ತು.